ಒಂದು ಕಪ್ಪಿಗೆ ಎರಡು ತಾಸು

ಕೊಟ್ಟೂರಿನಲ್ಲಿ ಯಾರಾದರೂ ಊಟ ಬೇಡ ಎಂದರೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಟ್ಟೆ ಸರಿ ಇರಲಿಕ್ಕಿಲ್ಲ, ಇಲ್ಲವೇ ಸೋಮವಾರ ಇರಬೇಕು ಎಂದು ಸುಮ್ಮನಾಗುತ್ತಾರೆ. ಚಹಾ ಬೇಡ ಎಂದರೆ ಮಾತ್ರ ಸುಮ್ಮನಾಗುವುದಿಲ್ಲ. ಚಹಾ ಬೇಡ ಎಂದವನು ಸಿಟ್ಟಾಗಿದ್ದಾನೆ ಎಂದೇ ಅರ್ಥ. ಅಣ್ಣ-ತಮ್ಮಂದಿರು ಬದುವಿನ ಸಲುವಾಗಿ ತಲೆ ಒಡೆದುಕೊಂಡಿರಲಿ, ಒಬ್ಬನ ಮನೆಯಲ್ಲಿ ಇನ್ನೊಬ್ಬ ಚಹಾ ಕುಡಿದನೆಂದರೆ ಜಗಳ ಮುಗಿಯಿತು. ಹೆಣ್ಣು ನೋಡಲು ಬಂದವರು ಕಪ್ಪು ಮುಟ್ಟದೆ ಎದ್ದರೆ ಸಂಬಂಧ ಮುಗಿಯಿತು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟಿಲ್ಲವಾದ್ದರಿಂದಲೇ ನಾಗೇಂದ್ರಪ್ಪನಿಗೆ ಅದು ಸಮಯಕ್ಕೆ ನೆನಪಾಗಲಿಲ್ಲ.

ನಾಗೇಂದ್ರಪ್ಪ ನಂಬುತ್ತಿದ್ದುದು ಅಚ್ಚಾದದ್ದನ್ನು ಮಾತ್ರ. ಮಂಜಣ್ಣನ ಪ್ರೆಸ್ಸಿನಲ್ಲಿ ಮೂವತ್ತು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುವ ಕೆಲಸ ಅವನದು. ಅಚ್ಚಿನಲ್ಲಿ ಎಂಥೆಂಥ ತಪ್ಪುಗಳಾಗುತ್ತವೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಇರಲಿಲ್ಲ, ಏಕೆಂದರೆ ಅವುಗಳಲ್ಲಿ ಅರ್ಧ ಅವನೇ ಮಾಡಿದ್ದು. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ವರನ ಸೋದರಮಾವನ ಹೆಸರು ಕೂರಿಸಿಬಿಟ್ಟಿದ್ದ. ಐವತ್ತು ದಾಟಿದ ಆ ಸೋದರಮಾವ ಎರಡು ದಿನ ಗಡ್ಡ ಬೋಳಿಸಿಕೊಂಡು ಓಡಾಡಿದನಂತೆ. ಇಷ್ಟಾದರೂ ನಾಗೇಂದ್ರಪ್ಪನ ನಂಬಿಕೆ ಅಲುಗಾಡಿರಲಿಲ್ಲ. ಕೊಟ್ಟೂರಿನಲ್ಲಿ ಅಚ್ಚಾದದ್ದು ತಪ್ಪಾಗಬಹುದು, ಬೇರೆ ಊರಲ್ಲಿ ಅಚ್ಚಾದದ್ದು ತಪ್ಪಾಗಲಾರದು ಎಂಬುದು ಅವನ ಸಿದ್ಧಾಂತ.

ತೊಂಬತ್ತೇಳನೆಯ ಇಸವಿಯ ಬೇಸಿಗೆ. ಮಗಳು ಅರ್ಚನಾಳ ಲಗ್ನ ಹಂಪಸಾಗರದ ಮರುಳಪ್ಪನ ಮಗ ಪ್ರವೀಣಕುಮಾರನ ಜೊತೆ ನಿಶ್ಚಯವಾಗಿ, ಮುಹೂರ್ತಕ್ಕೆ ತಿಂಗಳಿತ್ತು. ನಾಗೇಂದ್ರಪ್ಪ ಕೂಡ್ಲಿಗಿಯಲ್ಲಿ ಯಾರದೋ ಕರಪತ್ರ ಮುಟ್ಟಿಸಿ ವಾಪಸು ಬಸ್ಸಿನಲ್ಲಿ ಕೂತಿದ್ದಾಗ, ಹೆಗಲಿಗೆ ಚೀಲ ಹಾಕಿಕೊಂಡವನೊಬ್ಬ ಹತ್ತಿ, ಮೂರು ರೂಪಾಯಿಗೆ ಒಂದು ಪುಸ್ತಕ ಮಾರಿದ. ಹೆಸರು ‘ಕಪ್ಪಿನೊಳಗಿನ ಕಾಲಸರ್ಪ’. ಬರೆದವರು ‘ಆಯುರ್ವಿದ್ಯಾ ಚೂಡಾಮಣಿ’. ತಂದೆ ತಾಯಿ ಇಟ್ಟ ಹೆಸರು ಏನೆಂದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಬಸ್ಸು ಕೊಟ್ಟೂರು ಮುಟ್ಟುವುದರೊಳಗೆ ನಾಗೇಂದ್ರಪ್ಪನಿಗೆ ಬೆವರು ಕಿತ್ತುಕೊಂಡಿತ್ತು. ಬಿಸಿನೀರು ತಲೆಗೆ ಹಾಕಿಕೊಂಡರೆ ನೆನಪಿನ ಶಕ್ತಿ ಕರಗಿ ಬಚ್ಚಲಿಗೆ ಹೋಗುತ್ತದಂತೆ. ಚಕ್ಕಳಮಕ್ಕಳ ಹಾಕಿ ಕೂತರೆ ರಕ್ತ ಮೊಣಕಾಲಿನಲ್ಲಿ ಗಂಟು ಕಟ್ಟುತ್ತದಂತೆ. ಮಧ್ಯಾಹ್ನ ನಿದ್ದೆ ಮಾಡಿದರೆ ಪಿತ್ತಕೋಶ ಎಡಕ್ಕೆ ಸರಿಯುತ್ತದಂತೆ. ಇವೆಲ್ಲ ಬರೀ ಉಪ್ಪಿನಕಾಯಿ. ಮುಖ್ಯ ಅಡುಗೆ ಚಹಾದ್ದು. ಒಂದು ಕಪ್ಪು ಚಹಾ ಮನುಷ್ಯನ ಆಯುಷ್ಯದಲ್ಲಿ ಸರಿಯಾಗಿ ಎರಡು ತಾಸು ತಿನ್ನುತ್ತದೆ ಎಂದು ದಪ್ಪ ಅಕ್ಷರದಲ್ಲಿ ಹಾಕಿತ್ತು.

ನಾಗೇಂದ್ರಪ್ಪ ದಿನಕ್ಕೆ ಹತ್ತು ಚಹಾ ಕುಡಿಯುತ್ತಿದ್ದ. ಮನೆಯಲ್ಲಿ ಎರಡು, ಉಳಿದದ್ದು ಪ್ರೆಸ್ಸಿನೆದುರು ಸುಂಕಪ್ಪನ ಹೋಟೆಲಿನಲ್ಲಿ. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, ಪುಸ್ತಕದ ಬೆನ್ನ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದ. ದಿನಕ್ಕೆ ಇಪ್ಪತ್ತು ತಾಸು ನಷ್ಟ. ಮೂವತ್ತು ವರ್ಷಕ್ಕೆ ಇಪ್ಪತ್ತೈದು ವರ್ಷ ನಷ್ಟ. ಅವನ ಮನೆತನದಲ್ಲಿ ಗಂಡಸರು ಎಪ್ಪತ್ತೈದಕ್ಕೆ ಹೋಗುವುದು ವಾಡಿಕೆ.

“ನಾಗಲಿಂಗಮ್ಮಾ, ನಾ ಐವತ್ತಕ್ಕ ಸಾಯಬೇಕಿತ್ತು,” ಎಂದ.

“ಈಗೆಷ್ಟು ನಿಮಗ?” ಎಂದಳು ಹೆಂಡತಿ.

“ಐವತ್ತೆರಡು.”

ನಾಗಲಿಂಗಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಹಂಗಾದ್ರ ಎರಡು ವರ್ಷದಿಂದ ನಾ ಯಾರಿಗೆ ರೊಟ್ಟಿ ಬಡಿಯಾಕ್ಹತ್ತೀನಿ?”

“ನಗಬ್ಯಾಡ. ಇದು ಸೈನ್ಸು.”

ಅವಳು ಕೈ ಒರೆಸಿಕೊಂಡು ಪುಸ್ತಕ ಈಸಿಕೊಂಡಳು. ಏಳನೆಯ ಇಯತ್ತೆ ಪಾಸಾದವಳು. ಯಾವ ಪುಸ್ತಕವನ್ನಾದರೂ ಹಿಂದಿನಿಂದ ತೆರೆಯುವುದು ಅವಳ ರೂಢಿ. ಕೊನೆಯ ಪುಟದಲ್ಲಿ ಚೂಡಾಮಣಿಯವರೇ ತಯಾರಿಸಿದ, ಚಹಾದ ಬದಲು ಕುಡಿಯತಕ್ಕ ಅಮೃತಪೇಯದ ಪುಡಿಯ ಜಾಹೀರಾತಿತ್ತು.

“ನೋಡ್ರಿಲ್ಲಿ. ಚಾ ವಿಷ ಅನ್ನಾಂವನ ಚಾಕ್ಕ ಬದಲಿ ಪುಡಿ ಮಾರಾಕ್ಹತ್ಯಾನ. ಅಲ್ಲಾ, ಎರಡು ತಾಸು ಹೋಗಿದ್ದನ್ನ ಯಾರು ನೋಡ್ಯಾರ? ಯಾವ ಹೆಣ ಎದ್ದು ಬಂದು ನಂದು ಎರಡು ತಾಸು ಕಮ್ಮಿ ಬಿತ್ತು ಅಂತ ಹೇಳೈತಿ?”

“ಅಚ್ಚಾಗೈತಿ,” ಎಂದ ನಾಗೇಂದ್ರಪ್ಪ. ಅಲ್ಲಿಗೆ ಚರ್ಚೆ ಮುಗಿಯಿತು.

ಹದಿನೆಂಟನೆಯ ಪುಟದಲ್ಲಿ ವ್ರತದ ನಿಯಮವಿತ್ತು. ನಲವತ್ತೆಂಟು ದಿನ ಚಹಾ ಮುಟ್ಟಕೂಡದು; ಮುಟ್ಟದಿದ್ದರೆ ಕಳೆದ ಆಯುಷ್ಯವೆಲ್ಲ ಮರಳಿ ಬರುವುದು. ಬಿಟ್ಟ ಕಾರಣವನ್ನು ಹೊರಗಿನ ಯಾರಿಗೂ ಹೇಳಕೂಡದು. ಹೇಳಿದರೆ ಕಳೆದುಹೋದ ಆಯುಷ್ಯ ಇಮ್ಮಡಿ ಕಳೆಯುವುದು. ಯಾರಿಗೂ ಹೇಳಬೇಡ ಎಂದು ಅವನು ಹೆಂಡತಿಗೆ ಆಣೆ ಹಾಕಲು ಹೋದರೆ, “ಆಣಿ ಯಾಕ ಬೇಕ್ರಿ? ಇದನ್ನ ಹೊರಗ ಹೇಳಿದ್ರ ನನ್ನ ಮರ್ಯಾದಿ ಉಳಿತೈತೇನು?” ಎಂದಳು.

ಮರುದಿನ ಹತ್ತು ಗಂಟೆಗೆ ನಾಗೇಂದ್ರಪ್ಪ ಹೋಟೆಲಿಗೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ. ಸುಂಕಪ್ಪ ಕಾದೂ ಕಾದೂ ತಾನೇ ಗ್ಲಾಸು ಹಿಡಿದು ಪ್ರೆಸ್ಸಿಗೆ ಬಂದ. ನಾಗೇಂದ್ರಪ್ಪ ಗ್ಲಾಸಿನ ಕಡೆ ನೋಡಿದ. ಬೆಳಿಗ್ಗೆಯಿಂದ ಎಂಟು ಸಲ ಮೊಳೆ ತಪ್ಪಿ ಜೋಡಿಸಿದ್ದ. “ಬ್ಯಾಡ ಸುಂಕಪ್ಪ,” ಎಂದು ಮುಖ ತಿರುಗಿಸಿದ.

“ಯಾಕಣ್ಣಾ?”

“ಕಾರಣ ಹೇಳಂಗಿಲ್ಲ.”

ಮೂವತ್ತು ವರ್ಷದ ಗೆಳೆತನ. ಸುಂಕಪ್ಪ ಆ ದಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತನ್ನ ಪಾಪಗಳನ್ನೆಲ್ಲ ನೆನೆದ. ಎರಡನೆಯ ದಿನವೂ ಗ್ಲಾಸು ವಾಪಸಾಯಿತು. ಮೂರನೆಯ ದಿನ ಬಂದವನೇ ಬಾಗಿಲಲ್ಲಿ ನಿಂತು, “ಅಣ್ಣಾ, ಒಪ್ಕೊಂತೀನಿ. ಸಂತಿ ದಿವಸ ಮುಂಜಾನಿ ಚಾಪುಡೀನ ಸಂಜಿಗೂ ಕುದಿಸ್ತಿದ್ದೆ. ಇನ್ನ ಮ್ಯಾಲ ಮಾಡಂಗಿಲ್ಲ. ನನ್ನ ಮಕ್ಕಳ ಮ್ಯಾಲ ಆಣಿ,” ಎಂದು ಕಣ್ಣೊರೆಸಿಕೊಂಡು ಹೋದ.

ಪಕ್ಕದ ಮನೆಯ ಓಬಮ್ಮನದು ಇನ್ನೊಂದು ಕಥೆ. ಅವಳ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೋದವನು ಸಕ್ಕರೆ ತಿಂದ, ಚಹಾ ಮುಟ್ಟಲಿಲ್ಲ. ಸಂಜೆ ಓಬಮ್ಮ ಒಂದು ಕಟ್ಟು ನುಗ್ಗೆಕಾಯಿ ತಂದು ಅವನ ಮುಂದಿಟ್ಟು, “ನಿಮ್ಮ ಗಿಡದ್ದ ಯಪ್ಪಾ. ನಿಮಗ ಗೊತ್ತಾಗೈತಿ ಅಂತ ಈಗ ನನಗ ಗೊತ್ತಾತು,” ಎಂದಳು. ಪ್ರೆಸ್ಸಿನ ಮಾಲಿಕ ಮಂಜಣ್ಣನಂತೂ ತಾನೇ ತರಿಸಿದ ಚಹಾ ಇವನು ಬೇಡವೆಂದದ್ದೇ, ಹರಪನಹಳ್ಳಿಯ ಯಾವುದೋ ಪ್ರೆಸ್ಸಿನವರು ಇವನನ್ನು ಸೆಳೆದಿದ್ದಾರೆ ಎಂದು ಬಗೆದು, ಅವತ್ತೇ ಮಧ್ಯಾಹ್ನ ಹೊಸ ಕುರ್ಚಿ ತರಿಸಿದ. ಹನ್ನೆರಡು ವರ್ಷದಿಂದ ನಾಗೇಂದ್ರಪ್ಪ ಮೂರು ಕಾಲಿನ ಸ್ಟೂಲಿನ ಮೇಲೆ ಸಮತೋಲ ಸಾಧಿಸಿಕೊಂಡು ಕೆಲಸ ಮಾಡಿದ್ದ. “ಏನ ತಪ್ಪಿದ್ರೂ ಹೊಟ್ಟಿಗೆ ಹಾಕ್ಕೊಳ್ರಿ ನಾಗೇಂದ್ರಪ್ಪಾರ,” ಎಂದು ಮಂಜಣ್ಣ ತಾನೇ ಕುರ್ಚಿ ಒರೆಸಿ ಕೊಟ್ಟ.

ನಾಗೇಂದ್ರಪ್ಪ ಪುಸ್ತಕ ತೆರೆದು ನೋಡಿದ. ಇಪ್ಪತ್ತನೆಯ ಪುಟದಲ್ಲಿ ಸ್ಪಷ್ಟವಾಗಿತ್ತು: ‘ಚಹಾ ತ್ಯಜಿಸಿದ ಮೂರೇ ದಿನಗಳಲ್ಲಿ ಸಮಾಜದಲ್ಲಿ ಮನ್ನಣೆ ಹೆಚ್ಚುವುದು.’ ಅವನಿಗೆ ರೋಮಾಂಚನವಾಯಿತು. ಮನೆಗೆ ಹೋಗಿ ಹೆಂಡತಿಗೆ ಆ ಸಾಲು ತೋರಿಸಿ, ನುಗ್ಗೆಕಾಯಿಯನ್ನೂ ತೋರಿಸಿದ. ನಾಗಲಿಂಗಮ್ಮ ನುಗ್ಗೆಕಾಯಿ ಮಾತ್ರ ನೋಡಿದಳು.

ನಾಲ್ಕನೆಯ ದಿನ ಲಗ್ನಪತ್ರಿಕೆಯ ಕರಡು ತೋರಿಸಿ ಬೀಗರ ಕಡೆಯ ಹೆಸರುಗಳನ್ನು ಕೇಳಿಕೊಂಡು ಬರಲು ಅವನೊಬ್ಬನೇ ಹಂಪಸಾಗರಕ್ಕೆ ಹೋದ. ಮರುಳಪ್ಪ ಹಿಟ್ಟಿನ ಗಿರಣಿ ಇಟ್ಟುಕೊಂಡ ಗಂಭೀರ ಮನುಷ್ಯ. ಬೀಗರು ಬಂದರೆಂದು ಗಿರಣಿ ನಿಲ್ಲಿಸಿ, ಮೀಸೆಗೆ ಹತ್ತಿದ ಹಿಟ್ಟು ಒರೆಸಿಕೊಂಡು ಓಡಿ ಬಂದ. ಮನೆಯ ಎಮ್ಮೆಯ ಹಾಲಿನ ಚಹಾ ಬಂತು. ಶುಂಠಿ, ಯಾಲಕ್ಕಿ, ಮೇಲೆ ನಸುಗೆಂಪು ಕೆನೆ.

“ತಗೊಳ್ರಿ ಬೀಗರ.”

“ಬ್ಯಾಡ್ರಿ.”

ಮರುಳಪ್ಪ ಹುಷಾರಾಗಿ ಕೇಳಿದ, “ಸಕ್ಕರಿ ಹೆಚ್ಚಾತೇನ್ರಿ?”

“ಇಲ್ರಿ.”

“ಬ್ಯಾರೆ ಮಾಡಸ್ಲೇನು?”

“ನೀರು ಕೊಟ್ರ ಸಾಕ್ರಿ.”

“ಹಿಂಗಂದ್ರ ಹೆಂಗ್ರಿ? ಏನರ ತಪ್ಪಾಗಿದ್ರ ಹೇಳ್ರಿ.”

ನಾಗೇಂದ್ರಪ್ಪ ನಿಟ್ಟುಸಿರು ಬಿಟ್ಟ. “ಕಾರಣ ಐತ್ರಿ. ಈಗ ಬಾಯಿ ಬಿಡಂಗಿಲ್ಲ. ಇನ್ನ ನಲವತ್ನಾಕು ದಿನ ಹೋಗ್ಲಿ, ನಾನ ಬಂದು ಹೇಳ್ತೀನಿ.”

ಮರುಳಪ್ಪ ಬೆರಳು ಮಡಚಿ ಎಣಿಸಿದ. ಲಗ್ನಕ್ಕೆ ಉಳಿದದ್ದು ಇಪ್ಪತ್ತಾರು ದಿನ. “ಮತ್ತ ಪತ್ರಿಕಿ?” ಎಂದ, ದನಿ ಸಣ್ಣದಾಗಿತ್ತು.

“ಅವಸರ ಬ್ಯಾಡ್ರಿ. ಒಮ್ಮಿ ಅಚ್ಚಾದ್ರ ತೆಗ್ಯಾಕ ಬರಂಗಿಲ್ಲ. ನಾಕು ಸಲ ಯೋಚ್ನಿ ಮಾಡೋಣು.”

ಹೆಸರು ತಪ್ಪಬಾರದೆಂಬ ಕಾಳಜಿಯಿಂದ ಅಂದ ಮಾತು. ಆದರೆ ಒಳಬಾಗಿಲಲ್ಲಿ ಕೂತಿದ್ದ ಮರುಳಪ್ಪನ ತಾಯಿ, ಎಂಬತ್ತಾರು ವರ್ಷದ ಕಲ್ಯಾಣಮ್ಮ, ಎದೆಗೆ ಕೈ ಹಚ್ಚಿದಳು. “ಹಲ್ಲಿನ ಸುದ್ದಿ ಇವರಿಗೆ ಗೊತ್ತಾಗೈತಿ ಮರುಳಾ! ನಾ ಮೊದಲ ಹೇಳಿದ್ನೆಲ್ಲೋ ಮುಚ್ಚಿಡಬ್ಯಾಡ ಅಂತ!” ಎಂದು, ಪ್ರವೀಣಕುಮಾರ ಹನ್ನೆರಡನೆಯ ವಯಸ್ಸಿನಲ್ಲಿ ಬಂಡಿಯಿಂದ ಬಿದ್ದದ್ದು, ಮುಂದಿನ ಹಲ್ಲು ಮುರಿದದ್ದು, ಹೊಸಪೇಟೆಯಲ್ಲಿ ಕಟ್ಟಿಸಿದ್ದು, ಬಿದ್ದ ಹಲ್ಲನ್ನು ಮನೆಯ ಮಾಳಿಗೆಯ ಮೇಲೆ ಎಸೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಾಗೇಂದ್ರಪ್ಪನಿಗೆ ಅದರಲ್ಲಿ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಅವನು ಆರಿಹೋಗುತ್ತಿದ್ದ ಕೆನೆಯನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಾಡಿದ್ದನ್ನು ಮನೆಯವರೆಲ್ಲ ಕಂಡರು.

ಮರುದಿನ ಬೆಳಿಗ್ಗೆ, ಹಂಪಸಾಗರದಿಂದ ಫೋನು ಬಂದಿದೆ ಎಂದು ಅರ್ಚನಾಳಿಗೆ ಎಸ್.ಟಿ.ಡಿ. ಬೂತಿನಿಂದ ಕರೆ ಬಂತು. ಹೋದವಳು ಓಡುತ್ತಾ ಬಂದಳು.

“ಅಪ್ಪಾ, ನಿನ್ನೆ ಅವ್ರ ಮನ್ಯಾಗ ಚಾ ಕುಡಿದ್ರಿ ಹೌದಿಲ್ಲೋ?”

“ಇಲ್ಲವ್ವಾ.”

ಅವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. “ನಿಮಗ ಸಂಬಂಧ ಬ್ಯಾಡಾಗೈತಿ ಅಂತ ತಿಳ್ಕೊಂಡಾರ. ನಿಶ್ಚಯದಾಗ ನಾವು ಕೊಟ್ಟ ಉಂಗುರ, ಅರಿವಿ ಎಲ್ಲಾ ತಗೊಂಡು ಟ್ರ್ಯಾಕ್ಸ್‌ ಗಾಡ್ಯಾಗ ಹೊಂಟಾರಂತ. ಅವರು ರಾತ್ರಿ ಉಂಡಿಲ್ಲಂತ ಅಪ್ಪಾ.” ಕೊನೆಯ ‘ಅವರು’ ಎಂದರೆ ಪ್ರವೀಣಕುಮಾರ. ಅವಳಿಗೆ ಅಳು ತಡೆಯಲಾಗಲಿಲ್ಲ.

ಊರಿನ ಬರೆಯದ ಕಾಯಿದೆ ನಾಗೇಂದ್ರಪ್ಪನಿಗೆ ಆಗ ನೆನಪಾಯಿತು. ಹೋಟೆಲು, ನುಗ್ಗೆಕಾಯಿ, ಕುರ್ಚಿ, ಎಲ್ಲವೂ ಒಂದರ ಹಿಂದೊಂದು ಅರ್ಥವಾದವು. ಕಾರಣ ಹೇಳಿಬಿಡೋಣವೆಂದರೆ ಆಯುಷ್ಯ ಇಮ್ಮಡಿ ಹೋಗುತ್ತದೆ. ಸುಮ್ಮನೆ ಚಹಾ ಕುಡಿದುಬಿಟ್ಟರೆ ಹೋಗುವುದು ಎರಡೇ ತಾಸು. ಆದರೆ ಅವನ ಖಾತೆಯಲ್ಲಿ ಎರಡು ತಾಸಾದರೂ ಎಲ್ಲಿ ಉಳಿದಿದೆ? ಲೆಕ್ಕದ ಪ್ರಕಾರ ಸತ್ತು ಎರಡು ವರ್ಷವಾಗಿದೆ. ಇನ್ನೊಂದು ಕಪ್ಪು ಒಳಗೆ ಹೋದರೆ ಅಲ್ಲಿಯೇ ತೀರಿತು.

ಅಳುವ ಮಗಳ ಕಡೆ ಒಮ್ಮೆ ನೋಡಿದ. “ಹೋಗ್ಲಿ,” ಎಂದುಕೊಂಡು ಬಚ್ಚಲಿಗೆ ಹೋಗಿ ಸ್ನಾನ ಮಾಡಿದ. ವಿಭೂತಿ ಹಚ್ಚಿಕೊಂಡು, ಮಗಳ ಲಗ್ನಕ್ಕೆಂದು ತಂದಿದ್ದ ಹೊಸ ಧೋತ್ರ ಉಟ್ಟ. ಮಂಜಣ್ಣನನ್ನು ಕರೆಸಿ ಪ್ರೆಸ್ಸಿನ ಕೀಲಿ ಕೈಯಲ್ಲಿಟ್ಟು, ಯಾವ ಮೊಳೆ ಪೆಟ್ಟಿಗೆಯ ಯಾವ ಮನೆಯಲ್ಲಿದೆ ಎಂದು ಹೇಳತೊಡಗಿದ. ಮಂಜಣ್ಣ ಗಾಬರಿಯಾಗಿ ಸುಂಕಪ್ಪನನ್ನು ಕರೆತಂದ. ಓಬಮ್ಮ ಗೋಡೆಯ ಮೇಲಿನಿಂದ ನೋಡಿ, ಬಾಗಿಲಿಂದ ಬರುವಷ್ಟೂ ತಾಳ್ಮೆಯಿಲ್ಲದೆ ಗೋಡೆಯನ್ನೇ ಹತ್ತಿ ಇಳಿದಳು. ನಾಗಲಿಂಗಮ್ಮ ಮಾತ್ರ ಗಂಡನ ಮುಖ ನೋಡಿ, ಒಂದು ಮಾತೂ ಆಡದೆ, ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು.

ಟ್ರ್ಯಾಕ್ಸ್ ಬಂದು ನಿಂತಿತು. ಮರುಳಪ್ಪ ಕೈಚೀಲ ಹಿಡಿದು ಇಳಿದ. ಹಿಂದೆ ಕಲ್ಯಾಣಮ್ಮ. ಅವರಿಬ್ಬರೂ ಕೂರುವುದಕ್ಕೂ ಮೊದಲೇ ನಾಗೇಂದ್ರಪ್ಪ ಎದ್ದು ನಿಂತು ಕೈ ಮುಗಿದ.

“ಬರ್ರಿ ಬೀಗರ. ಮೊದಲು ಚಾ. ನಿಮ್ಮ ಕೂಡ ನಾನೂ ಕುಡೀತೀನಿ.”

ಮರುಳಪ್ಪನ ಕೈಯಲ್ಲಿನ ಚೀಲ ಅಲ್ಲೇ ನಿಂತಿತು. ನಾಗಲಿಂಗಮ್ಮ ಕೊಟ್ಟ ಕಪ್ಪನ್ನು ಕಲ್ಯಾಣಮ್ಮ ಈಸಿಕೊಂಡು ತಾನೇ ಅವನ ಕೈಗಿಟ್ಟಳು. ನಾಗೇಂದ್ರಪ್ಪ ಹೆಂಡತಿಯ ಕಡೆ ತಿರುಗಿ, “ಮಗಳ ಲಗ್ನ ನಿಂದ್ರಿಸಬ್ಯಾಡ,” ಎಂದು ಕಣ್ಣು ಮುಚ್ಚಿ ಕುಡಿದ. ನಾಲ್ಕು ದಿನದ ಬರಗಾಲದ ಮೇಲೆ ಬಿದ್ದ ಚಹಾ. ಅದರ ರುಚಿಗೆ ಅವನ ಮುಖ ಅರಳಿದ್ದನ್ನು ಕಂಡು ನೆರೆದವರಿಗೆಲ್ಲ ಸಮಾಧಾನವಾಯಿತು.

ಅವನು ಸಾಯಲಿಲ್ಲ. ಮರುಳಪ್ಪ ಖುಷಿಯಾಗಿ, “ಮತ್ತ ನನ್ನ ಕೈಲಿಂದ ಒಂದು,” ಎಂದ. ಇಲ್ಲವೆನ್ನುವ ಧೈರ್ಯ ಈಗ ಯಾರಿಗಿದೆ? ಎರಡು. “ನಂದೇನು ತಪ್ಪ್ರಿ?” ಎಂದ ಮಂಜಣ್ಣ. ಮೂರು. ಓಬಮ್ಮ ಅದೇ ಗೋಡೆ ಹತ್ತಿ ಹೋಗಿ ತನ್ನ ಮನೆಯದು ತಂದಳು. ನಾಲ್ಕು. ಸುಂಕಪ್ಪ ಹೋಟೆಲಿನ ಕೆಟಲನ್ನೇ ಹೊತ್ತು ತಂದು, “ನಂದು ಮೂರು ದಿನದ್ದು ಐತಣ್ಣಾ. ಹೊಸಾ ಪುಡಿ,” ಎಂದು ಸಾಲಾಗಿ ಮೂರು ಗ್ಲಾಸು ಇಟ್ಟ. ನಾಗೇಂದ್ರಪ್ಪ ಮೂರನ್ನೂ ಕುಡಿದು ಗೋಡೆಗೆ ಒರಗಿ, “ಟೈಮೆಷ್ಟಾತು?” ಎಂದು ಕ್ಷೀಣವಾಗಿ ಕೇಳಿದ.

“ಹನ್ನೆರಡೂವರಿ.”

“ಇನ್ನೂ ಅದೀನಲ್ಲಾ?” ಎಂದ.

ಆಗ ನಾಗಲಿಂಗಮ್ಮ ಸೆರಗು ಬಾಯಿಗೆ ಹಚ್ಚಿದರೂ ನಗೆ ತಡೆಯಲಾರದೆ, ತನ್ನ ಮರ್ಯಾದೆಯ ಆಸೆ ಬಿಟ್ಟು ಪುಸ್ತಕ ತಂದು ಎಲ್ಲರೆದುರು ಹಾಕಿದಳು. ಎರಡು ತಾಸಿನ ಲೆಕ್ಕ, ಐವತ್ತಕ್ಕೆ ಸತ್ತ ಲೆಕ್ಕ, ನಲವತ್ತೆಂಟು ದಿನ, ಎಲ್ಲ ಹೇಳಿದಳು. ಮರುಳಪ್ಪನಂಥ ಗಂಭೀರ ಮನುಷ್ಯ ಕೈಚೀಲದ ಮೇಲೆ ಕುಸಿದು ಕೂತು ನಕ್ಕ. “ಹಲ್ಲಿನ ಸುದ್ದಿ ಅಲ್ಲನ್ರಿ ಹಂಗಾದ್ರ?” ಎಂದ. “ಯಾವ ಹಲ್ಲು?” ಎಂದ ನಾಗೇಂದ್ರಪ್ಪ. “ಅದು ನನಗ ನೋಡಾಕ ಬಂದ ದಿನಾನ ಗೊತ್ತಾಗೈತಿ. ಒಂದು ಹಲ್ಲು ಉಳಿದದ್ದಕ್ಕಿಂತ ಬೆಳ್ಳಗ ಐತಿ,” ಎಂದಳು ಒಳಗಿನಿಂದ ಅರ್ಚನಾ.

ಕಲ್ಯಾಣಮ್ಮ ಮಾತ್ರ ನಗಲಿಲ್ಲ. “ತಡೀರಿ, ತಡೀರಿ. ನಂದೂ ಲೆಕ್ಕ ಹಾಕಪಾ. ನಾ ಇಪ್ಪತ್ತಾರನೇ ವರ್ಷಕ್ಕ ಚಾ ಕುಡಿಯಾಕ ಸುರು ಮಾಡೀನಿ. ಈಗ ಎಂಬತ್ತಾರು. ದಿನಕ್ಕ ಹನ್ನೆರಡು.”

ನಾಗೇಂದ್ರಪ್ಪ ಪೆನ್ಸಿಲು ತೆಗೆದುಕೊಂಡ. ದಿನಕ್ಕೆ ಹನ್ನೆರಡು, ಕಪ್ಪಿಗೆ ಎರಡು ತಾಸು. ಒಂದು ದಿನಕ್ಕೆ ಒಂದು ದಿನವೇ ಹೋಯಿತು. ಅರವತ್ತು ವರ್ಷಕ್ಕೆ ಅರವತ್ತು ವರ್ಷ. ಎಪ್ಪತ್ತೈದರಲ್ಲಿ ಅರವತ್ತು ಕಳೆದ. ಮತ್ತೊಮ್ಮೆ ಕಳೆದ.

“ಯವ್ವಾ, ನೀವು ಹದಿನೈದಕ್ಕ ತೀರಿಕೊಂಡೀರಿ,” ಎಂದ.

“ಚಾ ಕುಡಿಯೋದಕ್ಕ ಹನ್ನೊಂದು ವರ್ಷ ಮೊದಲ!” ಎಂದಳು ಮುದುಕಿ. “ನನಗ ಲಗ್ನ ಆಗಿದ್ದ ಹದಿನಾರಕ್ಕ. ಹಂಗಾದ್ರ ಇಲ್ಲಿ ಕುಂತಾನಲ್ಲ ಮರುಳ, ಇವ ಯಾರ ಮಗಾ? ನಿನ್ನ ಅಳಿಯ ಯಾರ ಮೊಮ್ಮಗಾ? ಆ ನಿನ್ನ ಚೂಡಾಮಣೀನ ಕೇಳಿಕೊಂಡು ಬಾ ಹೋಗು.”

ಓಣಿಗೆ ಓಣಿಯೇ ನಕ್ಕಿತು. ನಾಗೇಂದ್ರಪ್ಪ ಆ ಲೆಕ್ಕವನ್ನು ದಿಟ್ಟಿಸಿ ನೋಡುತ್ತ ಕೂತ. ಅಚ್ಚಾದದ್ದು ಒಂದು ಕಡೆ, ಎದುರಿಗೆ ಯಾಲಕ್ಕಿ ಅಗಿಯುತ್ತ ಕೂತ ಕಲ್ಯಾಣಮ್ಮ ಇನ್ನೊಂದು ಕಡೆ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಅಚ್ಚನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ನಂಬಿದ.

ಕಪ್ಪುಗಳನ್ನು ಎತ್ತಲು ಬಂದ ಅರ್ಚನಾ ಒಮ್ಮೆಲೇ ನಗುವುದನ್ನು ನಿಲ್ಲಿಸಿದಳು. ಅವಳಿಗೆ ಹೊಸ ಧೋತ್ರ, ಪ್ರೆಸ್ಸಿನ ಕೀಲಿ, ಎಲ್ಲ ಈಗ ತಿಳಿದವು.

“ಅಪ್ಪಾ, ಮೊದಲನೇ ಕಪ್ಪು ಕುಡಿಯೋವಾಗ, ಸಾಯ್ತೀನಿ ಅಂತ ಖರೇನ ತಿಳ್ಕೊಂಡಿದ್ರೇನು?”

“ಹೌದವ್ವಾ,” ಎಂದ ನಾಗೇಂದ್ರಪ್ಪ. “ಆದ್ರ ಆಮ್ಯಾಲೆ ಆರು ಕುಡಿಬೇಕಾಗತೈತಿ ಅಂತ ತಿಳಿದಿರ್ಲಿಲ್ಲ.”

ಈ ಸಲ ಯಾರೂ ನಗಲಿಲ್ಲ. ಅರ್ಚನಾ ತಟ್ಟೆ ಕೆಳಗಿಟ್ಟು ಅಪ್ಪನ ತೋಳು ಹಿಡಿದು ಕೂತಳು. ಮರುಳಪ್ಪ ಮೀಸೆ ಒರೆಸಿಕೊಂಡ. ಇವತ್ತು ಅಲ್ಲಿ ಹಿಟ್ಟಿರಲಿಲ್ಲ.

ನಾಗೇಂದ್ರಪ್ಪ ಸುತ್ತಲೂ ನೋಡಿದ. ಗೋಡೆ ಹತ್ತಿ ಮೊಣಕೈ ತರಚಿಕೊಂಡ ಓಬಮ್ಮ, ಹೋಟೆಲು ಬಿಟ್ಟು ಬಂದ ಸುಂಕಪ್ಪ, ಗಿರಣಿ ಬಂದ್ ಮಾಡಿ ಬಂದ ಮರುಳಪ್ಪ, ಈ ಬಿಸಿಲಲ್ಲಿ ಟ್ರ್ಯಾಕ್ಸ್ ಹತ್ತಿದ ಮುದುಕಿ. ಅವನಿಗೆ ಎದೆ ತುಂಬಿ ಬಂತು. ಎದ್ದು ನಿಂತು ಎಲ್ಲರಿಗೂ ಕೈ ಮುಗಿದ.

“ನಾ ಒಂದು ಚಾ ಬ್ಯಾಡ ಅಂದಿದ್ದಕ್ಕ ಇಷ್ಟು ಮಂದಿ ನಿದ್ದಿ ಬಿಟ್ರಿ. ಊಟಾ ಬಿಟ್ರಿ. ನನಗ ಇಷ್ಟು ಮಂದಿ ಅದಾರ ಅಂತ ನನಗ ಗೊತ್ತಿರ್ಲಿಲ್ರಿ. ನಿಮ್ಮ ಉಪಕಾರ ದೊಡ್ಡದು.”

ಮುಗಿದ ಕೈ ಹಾಗೆಯೇ ಹಿಡಿದು ನಿಂತ.

“ಇರಲಿ ಕುಂದ್ರಪಾ,” ಎಂದಳು ಕಲ್ಯಾಣಮ್ಮ. “ನಾವೂ ಇನ್ನ ಉಂಡಿಲ್ಲ. ನಿನ್ನ ಹೆಂಡ್ತಿಗೆ ಅನ್ನಕ್ಕಿಡಾಕ ಹೇಳು.”

ನಾಗಲಿಂಗಮ್ಮ ಆಗಲೇ ಅಕ್ಕಿ ತೊಳೆಯುತ್ತಿದ್ದಳು.